ಫೋಟೊಗೆ ಚೌಕಟ್ಟು ಹಾಕಿಸುವ ಮೊದಲು ಬೀರು ತೆರೆಯಿರಿ

ಪ್ರೌಢಶಾಲೆಗಳ ಮುಖ್ಯೋಪಾಧ್ಯಾಯರಿಗೆ, ಆಡಳಿತ ಮಂಡಳಿಯವರಿಗೆ, ಹಳೆಯ ವಿದ್ಯಾರ್ಥಿ ಸಂಘಗಳ ಪದಾಧಿಕಾರಿಗಳಿಗೆ

ಮಾನ್ಯರೇ,

ಮಕ್ಕಳ ಅಚ್ಚುಮೆಚ್ಚಿನ ಇಂಗ್ಲಿಷ್ ಟೀಚರ್ ಒಬ್ಬರು ತೀರಿಕೊಂಡರೆ ಶಾಲೆ ಮೊದಲು ಮಾಡುವುದು ಮೂರು ಕೆಲಸ: ಫೋಟೊ ಹುಡುಕುವುದು, ಸಂತಾಪದ ನಿರ್ಣಯ ಬರೆಯುವುದು, ಅವರ ಹೆಸರಿನಲ್ಲಿ ಒಂದು ಬಹುಮಾನ ಘೋಷಿಸುವುದು. ಮೂರೂ ತಪ್ಪಲ್ಲ. ಆದರೆ ಈ ಮೂರನ್ನು ಆರು ತಿಂಗಳು ಬಿಟ್ಟು ಮಾಡಿದರೂ ಏನೂ ಕೆಡುವುದಿಲ್ಲ. ಕಾಯದೆ ಕೆಟ್ಟುಹೋಗುವುದು ಸ್ಟಾಫ್ ರೂಮಿನ ಬೀರುವಿನಲ್ಲಿದೆ. ಅವರು ವರ್ಷಗಟ್ಟಲೆ ಪಾಠ ಮಾಡಿದ ಪಠ್ಯಪುಸ್ತಕದ ಪ್ರತಿ, ಅದರ ಅಂಚಿನ ಬರಹ, ಪಾಠದ ಡೈರಿ, ನಾಟಕದ ಪಾತ್ರಪಟ್ಟಿ, ತಿದ್ದಿ ಮುಗಿಸದ ಪ್ರಬಂಧಗಳ ಕಟ್ಟು ಅಲ್ಲಿರುತ್ತವೆ. ಹೊಸ ಟೀಚರ್ ಬರುತ್ತಾರೆ, ಅವರಿಗೂ ಬೀರು ಬೇಕು. ಯಾರೋ ಒಳ್ಳೆಯ ಮನಸ್ಸಿನಿಂದಲೇ ಎಲ್ಲವನ್ನೂ ಒಂದು ರಟ್ಟಿನ ಪೆಟ್ಟಿಗೆಗೆ ತುಂಬುತ್ತಾರೆ. ಪೆಟ್ಟಿಗೆ ಮೆಟ್ಟಿಲ ಕೆಳಗೆ ಹೋಗುತ್ತದೆ, ಅಲ್ಲಿಂದ ರದ್ದಿಗೆ.

ಇಂಗ್ಲಿಷ್ ಪಾಠ ಮಾಡುವುದು, ಸ್ಮರಣ ಸಂಚಿಕೆ ತಿದ್ದುವುದು, ಹಳೆಯ ಕಾಗದಪತ್ರ ಕಾಪಿಡುವುದು ನಮ್ಮ ಕೆಲಸ. ನಿಮ್ಮಲ್ಲಿ ಕೇಳುವುದು ಒಂದೇ: ಆ ಟೀಚರು ಎಂಥ ವ್ಯಕ್ತಿ ಎಂದು ಹೇಳುವ ಮೊದಲು, ಅವರು ಪಾಠವನ್ನು ಹೇಗೆ ಮಾಡುತ್ತಿದ್ದರು ಎಂಬುದನ್ನು ದಾಖಲು ಮಾಡಿ. ಹೇಗೆ ಎಂಬುದಕ್ಕೆ ಈ ಪತ್ರ.

ನಿರ್ಣಯದ ಭಾಷೆಯಿಂದಲೇ ಶುರುಮಾಡೋಣ. "ಸರಳ ಸಜ್ಜನಿಕೆಯ", "ಶಿಸ್ತಿನ ಸಿಪಾಯಿ", "ಅಪಾರ ಶಿಷ್ಯವೃಂದವನ್ನು ಅಗಲಿದ", "ತುಂಬಲಾರದ ನಷ್ಟ". ಈ ಮಾತುಗಳಿರುವ ಪ್ಯಾರಾದಲ್ಲಿ ಹೆಸರು ಅಳಿಸಿ ಗಣಿತದ ಮೇಷ್ಟ್ರ ಹೆಸರು ಹಾಕಿ ನೋಡಿ. ಏನೂ ವ್ಯತ್ಯಾಸವಾಗದಿದ್ದರೆ ಆ ಪ್ಯಾರಾ ಯಾರ ಬಗ್ಗೆಯೂ ಅಲ್ಲ. ಶೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ನಾಟಕದ ಮೂರನೆಯ ಅಂಕದಲ್ಲಿ ಆಂಟನಿ ಇರಿತಕ್ಕೆ ಸತ್ತ ಸೀಸರನ ಶವದ ಮುಂದೆ ನಿಂತು ಮಾತಾಡುವಾಗ ಜನರಿಗೆ ತೋರಿಸುವುದು ಒಂದು ಮೇಲಂಗಿಯನ್ನು. ಸೀಸರ್ ಅದನ್ನು ಮೊದಲು ತೊಟ್ಟದ್ದು ಬೇಸಿಗೆಯ ಒಂದು ಸಂಜೆ, ಡೇರೆಯಲ್ಲಿ, ನರ್ವಿ ಜನರನ್ನು ಗೆದ್ದ ದಿನ ಎನ್ನುತ್ತಾನೆ. ಆಮೇಲೆ ಅದರಲ್ಲಿರುವ ಒಂದೊಂದು ತೂತನ್ನೂ ಬೆರಳಿಟ್ಟು ತೋರಿಸುತ್ತಾನೆ. ಅವನಿಗೆ ಜನರನ್ನು ಕೆರಳಿಸುವ ದುರುದ್ದೇಶವಿತ್ತು, ಅದು ಬೇರೆ ಮಾತು. ಆದರೆ ವಸ್ತು, ಹೊತ್ತು, ಜಾಗ ಇವು ಗುಣವಾಚಕಗಳಿಗಿಂತ ಹೆಚ್ಚು ಕೆಲಸ ಮಾಡುತ್ತವೆ ಎಂಬುದನ್ನು ಅನೇಕ ಇಂಗ್ಲಿಷ್ ಟೀಚರುಗಳು ಈ ದೃಶ್ಯ ಇಟ್ಟುಕೊಂಡೇ ಮಕ್ಕಳಿಗೆ ಕಲಿಸಿರುತ್ತಾರೆ. ಅವರದೇ ಸಂತಾಪ ಸಭೆಯಲ್ಲಿ ಅದನ್ನು ಮರೆಯುವುದು ಚೆನ್ನಾಗಿರುವುದಿಲ್ಲ.

ಇನ್ನು ಬೀರು. ಏನನ್ನೂ ಮುಟ್ಟುವ ಮೊದಲು ಬಾಗಿಲು ತೆಗೆದು ಒಂದೊಂದು ಅಂಕಣದ ಫೋಟೊ ತೆಗೆದುಕೊಳ್ಳಿ. ಯಾವುದರ ಪಕ್ಕ ಯಾವುದಿತ್ತು ಎಂಬುದೂ ಮಾಹಿತಿಯೇ: ವ್ಯಾಕರಣದ ಪುಸ್ತಕದೊಳಗೆ ಮಡಚಿಟ್ಟ ಚೀಟಿ ಅದೇ ಪುಟದಲ್ಲಿದ್ದರೆ ಪಾಠದ ಟಿಪ್ಪಣಿ, ಹೊರಗೆ ಬಿದ್ದರೆ ಬರೀ ಚೀಟಿ. ಆದ್ದರಿಂದ ಚೀಟಿಗಳನ್ನು ಒಟ್ಟುಮಾಡಿ ಒಂದು ಲಕೋಟೆಗೆ ಹಾಕಬೇಡಿ. ಒಂದೊಂದಕ್ಕೂ ಹಿಂಬದಿಯ ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲಿನಲ್ಲಿ ಸಂಖ್ಯೆ ಬರೆದು, ಯಾವ ಪುಸ್ತಕದ ಯಾವ ಪುಟ ಎಂದು ಬೇರೆ ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಪೆನ್ನು ಬೇಡ, ಇಂಕು ಹಾಯ್ದು ಈಚೆ ಬದಿಗೆ ಇಳಿಯುತ್ತದೆ. ರಬ್ಬರ್ ಬ್ಯಾಂಡು ಒಣಗಿ ಕಾಗದಕ್ಕೆ ಅಂಟಿಕೊಳ್ಳುತ್ತದೆ, ಗುಂಡುಪಿನ್ನು ಮತ್ತು ಕ್ಲಿಪ್ಪು ತುಕ್ಕು ಹಿಡಿದು ಕಂದು ಕಲೆ ಬಿಡುತ್ತವೆ. ಎರಡನ್ನೂ ತೆಗೆದುಬಿಡಿ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ: ಕೆಲವು ವರ್ಷಕ್ಕೆ ಟೇಪು ಉದುರುತ್ತದೆ, ಹಳದಿ ಗೋಂದು ಮಾತ್ರ ಅಕ್ಷರದ ಮೇಲೆ ಉಳಿಯುತ್ತದೆ. ಲ್ಯಾಮಿನೇಷನ್ ಇನ್ನೂ ಕೆಟ್ಟದ್ದು, ಒಮ್ಮೆ ಮಾಡಿದರೆ ಬಿಡಿಸಲಾಗದು. ಪತ್ರಿಕೆಯ ತುಣುಕುಗಳನ್ನು ಬೇರೆ ಇಡಿ, ಆ ಕಾಗದದ ಆಮ್ಲ ಪಕ್ಕದ ಹಾಳೆಗೂ ಹಳದಿ ಬಣ್ಣ ದಾಟಿಸುತ್ತದೆ. ಬಿಲ್ಲಿನಂತೆ ನುಣುಪಾದ ಥರ್ಮಲ್ ಕಾಗದದಲ್ಲಿ ಏನಾದರೂ ಸಿಕ್ಕರೆ ಅದನ್ನು ಮೊದಲು ಪ್ರತಿ ಮಾಡಿ, ಏಕೆಂದರೆ ಬಿಸಿಗೂ ಬೆಳಕಿಗೂ ಬೇಗ ಅಳಿಸಿಹೋಗುವುದು ಅದೇ.

ಸ್ಕ್ಯಾನ್ ಮಾಡುವಾಗ ಸಾಮಾನ್ಯವಾಗಿ ಆಗುವ ದೊಡ್ಡ ತಪ್ಪು ಕಪ್ಪು-ಬಿಳುಪಿನ ಆಯ್ಕೆ. ಕಡತ ಚಿಕ್ಕದಾಗುತ್ತದೆ, ನಿಜ. ಆದರೆ ತಿದ್ದಿದ ಪುಸ್ತಕದಲ್ಲಿ ಮಗುವಿನ ನೀಲಿ ಯಾವುದು, ಟೀಚರ ಕೆಂಪು ಯಾವುದು ಎಂದು ಆಮೇಲೆ ಯಾರಿಗೂ ತಿಳಿಯದು. ಬಣ್ಣದಲ್ಲೇ ಮಾಡಿ. ಬರಹಕ್ಕೆ 300 ಡಿಪಿಐ (ಅಂಗುಲಕ್ಕೆ ಅಷ್ಟು ಚುಕ್ಕೆ) ಸಾಕು, ಮಾಸಿದ ಪೆನ್ಸಿಲ್ ಟಿಪ್ಪಣಿಗೂ ಚಿಕ್ಕ ಫೋಟೊಗೂ 600 ಇರಲಿ. ಹಳೆಯ ಪುಸ್ತಕವನ್ನು ಚಪ್ಪಟೆಯಾಗಿ ಅದುಮಿದರೆ ಬೆನ್ನು ಒಡೆಯುತ್ತದೆ. ಅರ್ಧ ತೆರೆದು ಎರಡು ಕಡೆಗೂ ಆಧಾರ ಕೊಟ್ಟು ಮೇಲಿನಿಂದ ಫೋನಿನಲ್ಲೇ ಫೋಟೊ ತೆಗೆಯಬಹುದು. ಬೆಳಕು ಪಕ್ಕದಿಂದ ಬೀಳಲಿ, ಫ್ಲ್ಯಾಶ್ ಬೇಡ. ಪುಟದ ನಾಲ್ಕೂ ಅಂಚು ಚಿತ್ರದೊಳಗೆ ಇರಬೇಕು. ಟೀಚರುಗಳು ಬರೆಯುವುದೇ ಅಂಚಿನಲ್ಲಿ. ಚಿತ್ರಗಳನ್ನು ವಾಟ್ಸಾಪಿನಲ್ಲಿ ಫೋಟೊ ಎಂದೇ ಕಳಿಸಿದರೆ ಅದು ಹಿಂಡಿ ಚಿಕ್ಕದು ಮಾಡುತ್ತದೆ, 'ಡಾಕ್ಯುಮೆಂಟ್' ಎಂದು ಕಳಿಸಿ. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಪ್ರತಿ ಶಾಲೆಯ ಹೊರಗೆ. ಕಂಪ್ಯೂಟರ್ ಕೊಠಡಿಯ ಒಂದೇ ಹಾರ್ಡ್ ಡಿಸ್ಕಿನಲ್ಲಿ ಇದ್ದದ್ದು ಇದ್ದಂತೆಯೇ ಅಲ್ಲ.

ಕಾಗದವಾಯಿತು. ಈಗ ನೆನಪುಗಳು. ಕಷ್ಟವಿರುವುದು ಇಲ್ಲಿ.

ಮನುಷ್ಯರ ನೆನಪಿನಲ್ಲಿ ಸುಮಾರು ಹತ್ತರಿಂದ ಮೂವತ್ತರೊಳಗಿನ ವಯಸ್ಸಿನ ಸಂಗತಿಗಳು ಉಳಿದ ವಯಸ್ಸಿಗಿಂತ ದಟ್ಟವಾಗಿ ಉಳಿಯುತ್ತವೆ. ಮನೋವಿಜ್ಞಾನದವರು ಇದನ್ನು ನೆನಪಿನ ಉಬ್ಬು ಎನ್ನುತ್ತಾರೆ. ಪ್ರೌಢಶಾಲೆಯ ಟೀಚರು ಸರಿಯಾಗಿ ಆ ಉಬ್ಬಿನೊಳಗೆ ಬರುತ್ತಾರೆ, ಹಾಗಾಗಿ ಅರವತ್ತರ ವಯಸ್ಸಿನವರಿಗೂ ಅವರ ದನಿ ನೆನಪಿರುತ್ತದೆ. ಆದರೆ ದಟ್ಟವಾಗಿದ್ದ ಮಾತ್ರಕ್ಕೆ ಅದು ನಿಖರವಲ್ಲ. ನೆನಪೆಂದರೆ ತೆಗೆದಿಟ್ಟದ್ದನ್ನು ಹೊರತೆಗೆಯುವುದಲ್ಲ, ಪ್ರತಿಸಲ ಹೊಸದಾಗಿ ಕಟ್ಟುವುದು ಎಂದು ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ತೋರಿಸಿದ್ದರು. 1997ರಲ್ಲಿ ವೆಲ್ಡನ್ ಮತ್ತು ಬೆಲಿಂಜರ್ ಪ್ರಕಟಿಸಿದ ಪ್ರಯೋಗ ನಿಮ್ಮ ಕೆಲಸಕ್ಕೆ ಇನ್ನೂ ಹತ್ತಿರದ್ದು: ಮೂವರು ಒಟ್ಟಿಗೆ ಕೂತು ನೆನಪಿಸಿಕೊಂಡದ್ದಕ್ಕಿಂತ, ಮೂವರು ಬೇರೆ ಬೇರೆ ಕೂತು ನೆನಪಿಸಿಕೊಂಡದ್ದನ್ನು ಸೇರಿಸಿದರೆ ಹೆಚ್ಚು ಸಿಗುತ್ತದೆ. ಒಬ್ಬರ ಮಾತು ಇನ್ನೊಬ್ಬರ ನೆನಪಿನ ಎಳೆಯನ್ನು ಕಡಿದುಹಾಕುತ್ತದೆ.

ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಆಗುವುದು ಇದೇ. ಮೊದಲು ಬರೆದವರು ಟೀಚರು ಮೇಜು ಹತ್ತಿ ನಿಂತು ಪದ್ಯ ಓದಿದ ಕಥೆ ಹೇಳುತ್ತಾರೆ. ಐದು ನಿಮಿಷದಲ್ಲಿ ಇಪ್ಪತ್ತು ಜನ "ಹೌದು ಹೌದು, ಮೇಜು!" ಎನ್ನುತ್ತಾರೆ. ಆ ದಿನ ರಜೆ ಹಾಕಿದ್ದವರಿಗೂ ಮೇಜು ನೆನಪಾಗುತ್ತದೆ. ಕೊನೆಗೆ ಸ್ಮರಣ ಸಂಚಿಕೆಯಲ್ಲಿ ಇಪ್ಪತ್ತು ಲೇಖನ, ಒಂದೇ ಮೇಜು.

ಆದ್ದರಿಂದ ಮೊದಲು ಒಬ್ಬೊಬ್ಬರಿಂದ ಪ್ರತ್ಯೇಕವಾಗಿ ಬರೆಸಿ, ಇಲ್ಲವೇ ಮಾತಾಡಿಸಿ ಧ್ವನಿಮುದ್ರಿಸಿಕೊಳ್ಳಿ. ಎಲ್ಲವೂ ಕೈಸೇರಿದ ಮೇಲೆ ಗುಂಪಿನ ಸಭೆ. ಮಾದರಿಗೆಂದು ಯಾರ ಬರಹವನ್ನೂ ಮೊದಲೇ ಹಂಚಬೇಡಿ. "ನಿಮ್ಮ ಮೆಚ್ಚಿನ ನೆನಪು ಬರೆಯಿರಿ" ಎಂದು ಕೇಳಿದರೆ ಬರುವುದು ಕೃತಜ್ಞತೆಯ ಪ್ರಬಂಧ. ಅದರ ಬದಲು ಚಿಕ್ಕ ಚಿಕ್ಕ ಪ್ರಶ್ನೆ ಕೇಳಿ. ಒಳಗೆ ಬಂದ ಮೇಲೆ ಮೊದಲ ವಾಕ್ಯ ಏನಿರುತ್ತಿತ್ತು? ಪಾಠ ಮಾಡುವಾಗ ನಿಲ್ಲುತ್ತಿದ್ದ ಜಾಗ ಯಾವುದು: ಬೋರ್ಡಿನ ಹತ್ತಿರವೋ, ಹಿಂದಿನ ಬೆಂಚಿನ ಹತ್ತಿರವೋ? ತಪ್ಪು ಉತ್ತರ ಬಂದಾಗ ಮುಖ ಏನಾಗುತ್ತಿತ್ತು, ಬಾಯಿಂದ ಏನು ಬರುತ್ತಿತ್ತು? ನಿಮ್ಮ ಪ್ರಬಂಧದ ಕೆಳಗೆ ಅವರು ಬರೆದದ್ದರಲ್ಲಿ ಅಕ್ಷರಶಃ ನೆನಪಿರುವ ಒಂದು ಮಾತು ಯಾವುದು? ಅವರಿಂದ ಕಲಿತ ಒಂದು ಪದ, ಅದನ್ನು ಯಾವ ಉದಾಹರಣೆ ಕೊಟ್ಟು ಕಲಿಸಿದರು? ಅವರು ಎಂದೂ ಮಾಡದಿದ್ದ ಒಂದು ಕೆಲಸ? ಒಂದೊಂದು ಉತ್ತರದ ಪಕ್ಕದಲ್ಲೂ ಹೇಳಿದವರ ಬ್ಯಾಚಿನ ವರ್ಷ, ತರಗತಿ, ಸಾಧ್ಯವಾದರೆ ಕೂರುತ್ತಿದ್ದ ಬೆಂಚು ಇರಲಿ. ತಮ್ಮ ಕಣ್ಣಾರೆ ಕಂಡದ್ದೋ ಕೇಳಿದ್ದೋ ಎಂಬುದೂ ಇರಲಿ. ಒಬ್ಬರ ಹೆಸರಿನಲ್ಲಿ ಓಡಾಡುವ ಚಟಾಕಿ ಅವರಿಗಿಂತ ಮೊದಲಿದ್ದ ಟೀಚರದ್ದಾಗಿರುವುದು ತೀರ ಸಾಮಾನ್ಯ.

ಕೇಳಬೇಕಾದವರ ಪಟ್ಟಿಯನ್ನೂ ಅಗಲ ಮಾಡಿ. ಹೆಸರು ಮಾಡಿದ ಹಳೆಯ ವಿದ್ಯಾರ್ಥಿಗಳು ತಾವಾಗಿಯೇ ಬರೆದುಕೊಡುತ್ತಾರೆ. ಇಂಗ್ಲಿಷಿನಲ್ಲಿ ಫೇಲಾದವರನ್ನು ಹುಡುಕಿಕೊಂಡು ಹೋಗಬೇಕು. ಗಂಟೆ ಹೊಡೆಯುತ್ತಿದ್ದ ಅಟೆಂಡರು, ಗ್ರಂಥಾಲಯ ನೋಡಿಕೊಳ್ಳುತ್ತಿದ್ದವರು, ಪಕ್ಕದ ಕೊಠಡಿಯಲ್ಲಿ ಗಣಿತ ಮಾಡುತ್ತಿದ್ದ ಮೇಷ್ಟ್ರು, ಇವರೆಲ್ಲರನ್ನೂ ಕೇಳಿ. ಹುರುಪಿನ ಇಂಗ್ಲಿಷ್ ಟೀಚರ ದನಿಯನ್ನು ವರ್ಷಗಟ್ಟಲೆ ಗೋಡೆಯಾಚೆಯಿಂದ ಸಹಿಸಿಕೊಂಡ ಗಣಿತದ ಮೇಷ್ಟ್ರಿಗಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ.

ಹುರುಪು ಎಂಬ ಮಾತು ಬಂತು. "ಅವರು ಇದ್ದರೆ ಕ್ಲಾಸಿಗೆ ಕಳೆಯೇ ಬೇರೆ" ಎನ್ನುತ್ತಾರೆ. ಎಲ್ಲರಿಗೂ ಅದು ಸ್ವಭಾವ ಅನ್ನಿಸುತ್ತದೆ. ಹತ್ತಿರದಿಂದ ನೋಡಿದರೆ ಅದರ ಬಹುಪಾಲು ಕಸುಬು. ದಾಖಲಿಸಬೇಕಾದದ್ದು ಆ ಕಸುಬನ್ನೇ, ಏಕೆಂದರೆ ಮುಂದಿನವರು ಕಲಿಯಬಹುದಾದದ್ದು ಅದೊಂದನ್ನೇ.

ಮೌನದಿಂದ ಆರಂಭಿಸಿ. ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದರು: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕೆ ಕಾಯುವುದು ಸುಮಾರು ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದರೆ ಉತ್ತರಗಳು ಉದ್ದವಾಗುತ್ತವೆ, "ಗೊತ್ತಿಲ್ಲ" ಕಡಿಮೆಯಾಗುತ್ತದೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ಪರಭಾಷೆಯಲ್ಲಿ ಉತ್ತರ ಕೊಡುವ ಮಗುವಿಗೆ ಯೋಚನೆಯ ಜೊತೆಗೆ ವಾಕ್ಯವನ್ನೂ ಹೊಂದಿಸಿಕೊಳ್ಳಬೇಕು, ಹಾಗಾಗಿ ಆ ಎರಡು ಸೆಕೆಂಡಿಗೆ ಇನ್ನೂ ಬೆಲೆ. ನಿಮ್ಮ ಟೀಚರು ಪ್ರಶ್ನೆ ಕೇಳಿ ಕಿಟಕಿ ಕಡೆ ತಿರುಗುತ್ತಿದ್ದರೇ, ಸೀಮೆಸುಣ್ಣ ಕೆಳಗಿಡುತ್ತಿದ್ದರೇ, ಕನ್ನಡಕ ಒರೆಸುತ್ತಿದ್ದರೇ? ಅವು ಅಭ್ಯಾಸಬಲದ ಚೇಷ್ಟೆಗಳಲ್ಲದೆ ಕಾಯುವ ಉಪಾಯಗಳೂ ಆಗಿರಬಹುದು. ಗದ್ದಲವಾದಾಗ ದನಿ ಏರಿಸುತ್ತಿದ್ದರೇ, ಇಳಿಸುತ್ತಿದ್ದರೇ ಎಂದೂ ಕೇಳಿ. ಇಳಿಸುವುದು ಹಳೆಯ ವಿದ್ಯೆ: ಕೇಳಿಸದಿದ್ದರೆ ಮಕ್ಕಳೇ ಪರಸ್ಪರ ಸುಮ್ಮನಾಗಿಸುತ್ತಾರೆ.

ಆಮೇಲೆ ಭಾಷೆಯ ಕೆಲಸ. ಕನ್ನಡದಲ್ಲಿ 'ದಿ' ಇಲ್ಲ, ಆದರೆ ಅದು ಮಾಡುವ ಕೆಲಸ ಇದೆ. "ಪುಸ್ತಕ ತಂದೆ" ಎಂದರೆ ಯಾವುದೋ ಪುಸ್ತಕ, "ಪುಸ್ತಕವನ್ನು ತಂದೆ" ಎಂದರೆ ನಿಮಗೂ ನನಗೂ ಗೊತ್ತಿರುವ ಪುಸ್ತಕ. ಈ 'ಅನ್ನು' ತೋರಿಸಿ 'ದಿ' ಕಲಿಸಿದ ಟೀಚರಿಗೂ, ನಿಯಮಗಳ ಪಟ್ಟಿ ಬಾಯಿಪಾಠ ಮಾಡಿಸಿದ ಟೀಚರಿಗೂ ತುಂಬ ಅಂತರವಿದೆ. ಎಗ್ ಎಂಬುದನ್ನು 'ಯೆಗ್' ಎನ್ನುವ ಮಗುವನ್ನು ತಿದ್ದಿದ್ದು ಹೇಗೆ: ನಗಿಸಿಯೋ, ನಗೆಗೀಡು ಮಾಡಿಯೋ? ಎರಡೂ ಒಂದೇ ಅಲ್ಲ, ಮಕ್ಕಳಿಗೆ ಅದು ಐವತ್ತು ವರ್ಷ ನೆನಪಿರುತ್ತದೆ. ಇಂಗ್ಲಿಷಿನ ಛಂದಸ್ಸನ್ನು ಹೇಳಿಕೊಡುವಾಗ ಲಘು-ಗುರುವಿನ ಪ್ರಸ್ತಾರದಿಂದ ಹೊರಟರೇ? ಹೊರಟಿದ್ದರೆ ಎಲ್ಲಿ ತಿರುಗಿದರು? ನಮ್ಮಲ್ಲಿ ಎಣಿಸುವುದು ಅಕ್ಷರ ಹಿಡಿಯುವ ಕಾಲವನ್ನು, ಅಲ್ಲಿ ಎಣಿಸುವುದು ಒತ್ತನ್ನು. ಅದನ್ನು ಡೆಸ್ಕಿನ ಮೇಲೆ ಬೆರಳಲ್ಲಿ ತಟ್ಟಿಯೇ ಕಲಿಸಬೇಕು, ಶೇಕ್ಸ್‌ಪಿಯರನ ನಾಟಕದ ಪದ್ಯವಾದರೆ ಸಾಮಾನ್ಯವಾಗಿ ಸಾಲಿಗೆ ಐದು ಪೆಟ್ಟು. ಫೋಟೊಗ್ರಾಫ್ ಎನ್ನುವಾಗ ಒತ್ತು ಮೊದಲಲ್ಲಿ, ಫೊಟಾಗ್ರಫಿ ಎನ್ನುವಾಗ ಎರಡನೆಯದರಲ್ಲಿ, ಫೋಟೊಗ್ರಾಫಿಕ್ ಎನ್ನುವಾಗ ಮೂರನೆಯದರಲ್ಲಿ. ಚಪ್ಪಾಳೆಯೊಂದಿಗೆ ಇದನ್ನು ಕಲಿತವರನ್ನು ಈಗ ಕೇಳಿದರೂ ಕೈ ತಾನಾಗಿ ಮೇಲೆದ್ದು ತೋರಿಸುತ್ತದೆ. ಅದನ್ನು ವಿಡಿಯೊ ಮಾಡಿಕೊಳ್ಳಿ, ಬರೆದರೆ ಸಾಲದು.

ಕಾಗುಣಿತದ ಕಥೆಗಳು ಇನ್ನೊಂದು ಗಣಿ. ಸಾಲ ಎಂಬರ್ಥದ 'ಡೆಟ್' ಪದಕ್ಕೆ ಕೇಳಿಸದ 'ಬಿ' ಸೇರಿದ್ದು, ಮೂಲ ಲ್ಯಾಟಿನ್ ಎಂದು ತೋರಿಸಬೇಕೆಂಬ ಪಂಡಿತರ ಹಟಕ್ಕೆ. ದ್ವೀಪ ಎಂಬರ್ಥದ 'ಐಲೆಂಡ್' ಪದದ 'ಎಸ್' ಇನ್ನೂ ವಿಚಿತ್ರ: ಆ ಪದ ಲ್ಯಾಟಿನ್ನಿನಿಂದ ಬಂದದ್ದೇ ಅಲ್ಲ, ಬೇರೊಂದು ಪದದ ಜೊತೆ ಗೊಂದಲವಾಗಿ ಅಕ್ಷರ ಹತ್ತಿಕೊಂಡಿತು. ಯೋಧ ಎಂಬರ್ಥದ 'ನೈಟ್' ಪದದ ಮೊದಲಿರುವ 'ಕೆ' ಮಾತ್ರ ಒಂದು ಕಾಲಕ್ಕೆ ನಿಜವಾಗಿ ಬಾಯಲ್ಲಿತ್ತು. ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ 1476ರಲ್ಲಿ ಅಚ್ಚುಕೂಟ ಶುರುಮಾಡಿದ ಮೇಲೆ ಬರಹ ಮೆಲ್ಲಗೆ ಒಂದು ರೂಪಕ್ಕೆ ಗಟ್ಟಿಯಾಗುತ್ತ ಬಂತು, ಉಚ್ಚಾರ ಮಾತ್ರ ಓಡುತ್ತಲೇ ಇತ್ತು. ಇಂಥದ್ದನ್ನು ಹೇಳಿ, ತಪ್ಪು ಬರೆದ ಮಗುವಿಗೆ "ತಪ್ಪು ನಿನ್ನದಲ್ಲ, ಭಾಷೆಯದು, ಆದರೂ ಸರಿಯಾಗಿ ಬರಿ" ಎನ್ನುವ ಟೀಚರುಗಳಿದ್ದಾರೆ. ನಿಮ್ಮವರು ಯಾವ ಪದಕ್ಕೆ ಯಾವ ಕಥೆ ಹೇಳುತ್ತಿದ್ದರು ಎಂದು ಪಟ್ಟಿ ಮಾಡಿ. ಕಥೆಗಳಲ್ಲಿ ಕೆಲವು ತಪ್ಪೂ ಇರಬಹುದು. ಹೇಳಿದಂತೆಯೇ ಬರೆದುಕೊಂಡು, ಸರಿಯಾದದ್ದನ್ನು ಅಡಿಟಿಪ್ಪಣಿಯಲ್ಲಿ ಕೊಡಿ.

ಕೆಂಪು ಶಾಯಿಯನ್ನು ಮರೆಯಬೇಡಿ. ಲೆಕ್ಕ ಹಾಕಿ ನೋಡಿ: ತರಗತಿಗೆ 45 ಮಕ್ಕಳು, ಮೂರು ವಿಭಾಗ, ಒಂದು ಪ್ರಬಂಧಕ್ಕೆ ಆರು ನಿಮಿಷ ಎಂದರೆ 810 ನಿಮಿಷ, ಹದಿಮೂರೂವರೆ ಗಂಟೆ. ಒಂದು ಸುತ್ತು ಪ್ರಬಂಧಕ್ಕೆ ಇಷ್ಟು, ಎಲ್ಲವೂ ಶಾಲೆಯ ವೇಳೆ ಮುಗಿದ ಮೇಲೆ. ತಿದ್ದಿದ ನಾಲ್ಕಾರು ಪುಸ್ತಕಗಳನ್ನು ಬೇರೆ ಬೇರೆ ವರ್ಷದವರಿಂದ ತರಿಸಿ ಪಕ್ಕಪಕ್ಕ ಇಟ್ಟರೆ ಅವರ ಕಸುಬು ಬೆಳೆದ ದಾರಿ ಕಾಣುತ್ತದೆ. ಹೊಸತರಲ್ಲಿ ಒಂದು ತಪ್ಪನ್ನೂ ಬಿಡದೆ ಪುಟವೆಲ್ಲ ಕೆಂಪು ಮಾಡುವವರು, ವರ್ಷ ಕಳೆದಂತೆ ಒಂದು ಪ್ರಬಂಧದಲ್ಲಿ ಎರಡೋ ಮೂರೋ ಬಗೆಯ ತಪ್ಪನ್ನು ಮಾತ್ರ ಹಿಡಿಯತೊಡಗುವುದುಂಟು. ಸೋಮಾರಿತನ ಅಂದುಕೊಳ್ಳಬೇಡಿ. ಮೂವತ್ತು ಗೆರೆ ಕಂಡ ಮಗು ಅಂಕ ನೋಡಿ ಪುಸ್ತಕ ಮುಚ್ಚುತ್ತದೆ, ಮೂರು ಕಂಡರೆ ತಿರುಗಿ ಓದುತ್ತದೆ. ಅವರು ಬಳಸುತ್ತಿದ್ದ ಗುರುತುಗಳ ಒಂದು ಕೀಲಿ ತಯಾರಿಸಿ: ಅಡ್ಡಗೆರೆ ಯಾವುದಕ್ಕೆ, ಅಲೆಗೆರೆ ಯಾವುದಕ್ಕೆ, ಪದ ಬಿಟ್ಟುಹೋದಲ್ಲಿ ಹಾಕುವ ಗೂಟದ ಗುರುತು ಹೇಗಿತ್ತು, ಮೆಚ್ಚಿದ ಸಾಲಿನ ಪಕ್ಕ ಏನು ಹಾಕುತ್ತಿದ್ದರು. ಕೆಲವರು ಮೆಚ್ಚಿದ ಸಾಲಿಗೆ ಏನನ್ನೂ ಹಾಕುವುದಿಲ್ಲ, ಮರುದಿನ ತರಗತಿಯಲ್ಲಿ ಹೆಸರು ಹೇಳದೆ ಗಟ್ಟಿಯಾಗಿ ಓದುತ್ತಾರೆ.

ಇಷ್ಟೆಲ್ಲ ಕೂಡಿಬಂದ ಮೇಲೆ ಒಂದು ಪಾಠವನ್ನು ಮತ್ತೆ ಕಟ್ಟಿ. ಅವರು ಬಹಳ ವರ್ಷ ಮಾಡಿದ ಒಂದೇ ಪದ್ಯವನ್ನೋ ಗದ್ಯವನ್ನೋ ಆರಿಸಿ. ಮೂರು ಬೇರೆ ಬೇರೆ ಬ್ಯಾಚಿನ ಒಬ್ಬೊಬ್ಬರು, ಒಬ್ಬ ಸಹೋದ್ಯೋಗಿ, ಜೊತೆಗೆ ಅವರ ಪಠ್ಯದ ಪ್ರತಿ ಮತ್ತು ಡೈರಿ, ಇಷ್ಟಿದ್ದರೆ ಆಯಿತು. 45 ನಿಮಿಷದ ಪೀರಿಯಡ್ಡನ್ನು ಐದೈದು ನಿಮಿಷಕ್ಕೆ ಕತ್ತರಿಸಿ ಒಂದು ಹಾಳೆಯ ಮೇಲೆ ಗೆರೆ ಹಾಕಿ, ಯಾವ ತುಂಡಿನಲ್ಲಿ ಏನಾಗುತ್ತಿತ್ತು ಎಂದು ತುಂಬುತ್ತ ಹೋಗಿ. ಮೂವರೂ ಹೇಳಿದ್ದು ಒಂದು ಬಣ್ಣದಲ್ಲಿ, ಒಬ್ಬರೇ ಹೇಳಿದ್ದು ಇನ್ನೊಂದರಲ್ಲಿ. ಖಾಲಿ ಉಳಿದದ್ದನ್ನು ಖಾಲಿಯಾಗಿಯೇ ಬಿಡಿ. ಇಲ್ಲಿ ಹಾದಿ ತಪ್ಪುವುದು ಯಾರೋ ಎದ್ದು ಟೀಚರ ಅನುಕರಣೆ ಶುರುಮಾಡಿದಾಗ. ನಗು ಬರುತ್ತದೆ, ನಗಲಿ. ಆದರೆ ಅನುಕರಣೆಯಲ್ಲಿ ಉಳಿಯುವುದು ಅತಿಯಾಗಿ ಕಂಡ ನಾಲ್ಕು ಅಭಿನಯ, ದಿನನಿತ್ಯದ ಮೂವತ್ತೈದು ನಿಮಿಷ ಮಾಯವಾಗುತ್ತದೆ.

ಜೀವನದ ವಿವರಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹುಟ್ಟಿದ ದಿನಾಂಕ, ಪದವಿ, ಕೆಲಸಕ್ಕೆ ಸೇರಿದ ವರ್ಷ, ನಿವೃತ್ತಿ, ಇವನ್ನು ಸೇವಾ ದಾಖಲೆಯಿಂದ ಮತ್ತು ಮನೆಯವರಿಂದ ಪಡೆಯಿರಿ, ಭಾಷಣಗಳಿಂದ ಅಲ್ಲ. ಕಾಯಿಲೆಯ ವಿವರ ಮನೆಯವರು ತಾವಾಗಿ ಹೇಳಿದರೆ ಮಾತ್ರ. ಹೆಸರನ್ನು ಅವರು ಸಹಿ ಮಾಡುತ್ತಿದ್ದ ಹಾಗೆಯೇ ಬರೆಯಿರಿ, ಇನಿಷಿಯಲ್ ಮುಂದಿತ್ತೋ ಹಿಂದಿತ್ತೋ ನೋಡಿ. ಸಭೆಯಲ್ಲಿ ಒಬ್ಬರಿಗೆ ಮೂರು ನಿಮಿಷ ಎಂದರೆ ಸುಮಾರು 250ರಿಂದ 300 ಪದ, ಬರೆದು ತರಲು ಹೇಳಿ. ಎಂಟು ಜನಕ್ಕಿಂತ ಹೆಚ್ಚು ಬೇಡ, ಅವರಲ್ಲಿ ಇಬ್ಬರಾದರೂ ಈಗ ಓದುತ್ತಿರುವ ಮಕ್ಕಳಿರಲಿ.

ಒಂದು ಕಹಿ ಮಾತೂ ಇದೆ. ಪ್ರೀತಿಪಾತ್ರರ ಬಗ್ಗೆ ಬರೆಯುವಾಗ ಕುಂದುಗಳನ್ನು ತೇಯ್ದು ನುಣುಪು ಮಾಡಬೇಡಿ. ಮುಂದಿನ ಬೆಂಚಿನವರ ಮೇಲೆ ಪಕ್ಷಪಾತ, ಚುಚ್ಚುವ ನಾಲಗೆ, ಹಸ್ತಾಕ್ಷರ ಕೆಟ್ಟಿದ್ದರೆ ಓದಲೇ ಒಲ್ಲದ ಹಟ, ಏನಿತ್ತೋ ಅದಕ್ಕೂ ಜಾಗವಿರಲಿ, ಇಲ್ಲದಿದ್ದರೆ ಉಳಿದದ್ದನ್ನೂ ಯಾರೂ ನಂಬುವುದಿಲ್ಲ. ಆದರೆ "ಅವರ ಏಟಿನಿಂದಲೇ ನಾನು ಉದ್ಧಾರವಾದೆ" ಎಂಬ ಬಗೆಯ ಹಾಸ್ಯವನ್ನು ಸಂಪಾದಕರು ಕತ್ತರಿಸಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಏಟು ಬಿದ್ದದ್ದು ನಿಜವಾದರೆ ಬಿತ್ತು ಎಂದು ನೇರವಾಗಿ ಬರೆಯಿರಿ. ಅದನ್ನು ವರವೆಂದು ಬಣ್ಣಿಸಿದರೆ ಆ ತರಗತಿಯಲ್ಲೇ ಕೂತಿದ್ದು ಇವತ್ತಿಗೂ ಅದನ್ನು ಮರೆಯದ ಇನ್ನೊಬ್ಬರ ಬಾಯಿ ಕಟ್ಟಿದಂತೆ.

ಪ್ರಕಟಿಸುವ ಮುನ್ನ ಹಕ್ಕಿನ ವಿಚಾರ ನೋಡಿ. ಟೀಚರು ಬರೆದ ಪತ್ರ ನಿಮ್ಮ ಕೈಯಲ್ಲಿದ್ದರೆ ಕಾಗದ ನಿಮ್ಮದು, ಬರಹದ ಹಕ್ಕು ಅವರ ವಾರಸುದಾರರದ್ದು. ಅಂಚಿನ ಟಿಪ್ಪಣಿ, ಖಾಸಗಿ ಡೈರಿಗಳಿಗೂ ಸಾಮಾನ್ಯವಾಗಿ ಇದೇ. ಕೃತಿಸ್ವಾಮ್ಯದ ಬಗೆಗಿನ ಬರ್ನ್ ಅಂತರರಾಷ್ಟ್ರೀಯ ಒಪ್ಪಂದ (1886ರದ್ದು, ಆಮೇಲೆ ತಿದ್ದುಪಡಿಯಾದದ್ದು) ಈ ಹಕ್ಕು ಲೇಖಕರ ಮರಣಾನಂತರ ಕನಿಷ್ಠ 50 ವರ್ಷ ಇರಬೇಕು ಎನ್ನುತ್ತದೆ, ಅನೇಕ ದೇಶಗಳಲ್ಲಿ 60, 70 ಕೂಡ ಇದೆ. ಮನೆಯವರಿಂದ ಒಂದು ಪುಟದ ಒಪ್ಪಿಗೆ ಬರೆಸಿಕೊಳ್ಳಿ: ಯಾವುದನ್ನು ಅಚ್ಚು ಹಾಕಬಹುದು, ಯಾವುದನ್ನು ಅಂತರ್ಜಾಲಕ್ಕೆ ಹಾಕಬಹುದು, ಯಾವುದು ಶಾಲೆಯೊಳಗೇ ಇರಬೇಕು. ವಿದ್ಯಾರ್ಥಿಯ ಪ್ರಬಂಧ ವಿದ್ಯಾರ್ಥಿಯದ್ದು, ಅವರ ಒಪ್ಪಿಗೆಯೂ ಬೇಕು. ಅಂಕ ಮತ್ತು ಹೆಸರು ಮುಚ್ಚಿ. ಪಠ್ಯದ ಇಡೀ ಪುಟವನ್ನು ಹಾಕುವ ಬದಲು ಅಂಚಿನ ಬರಹವನ್ನಷ್ಟೇ ಕತ್ತರಿಸಿ ತೋರಿಸಿ, ಮುದ್ರಿತ ಪಾಠಕ್ಕೆ ಬೇರೆ ಹಕ್ಕುದಾರರಿರುತ್ತಾರೆ.

ಕೊನೆಗೆ ಬಹುಮಾನ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅಂಕ ಪಡೆದವರಿಗೆ ಪದಕ ಎಂಬುದು ಸುಲಭದ ದಾರಿ, ಆ ಕಾರಣಕ್ಕೇ ಎಲ್ಲರೂ ಹಿಡಿಯುವ ದಾರಿ. ಆ ಮಗು ಪದಕವಿಲ್ಲದೆಯೂ ಓದುತ್ತಿತ್ತು. ಮೇಲಾಗಿ ಮೂಲನಿಧಿಯ ಬಡ್ಡಿಯನ್ನು ಪೂರ್ತಿ ಖರ್ಚು ಮಾಡುತ್ತ ಹೋದರೆ, ಬೆಲೆಗಳು ವರ್ಷಕ್ಕೆ ಶೇಕಡ 6ರಂತೆ ಏರಿದರೂ ಸುಮಾರು 12 ವರ್ಷಕ್ಕೆ ಬಹುಮಾನದ ಕೊಳ್ಳುವ ಶಕ್ತಿ ಅರ್ಧವಾಗುತ್ತದೆ. ಬಡ್ಡಿಯ ಒಂದು ಭಾಗವನ್ನು ಮೂಲಕ್ಕೇ ಸೇರಿಸುವ ನಿಯಮವನ್ನು ಮೊದಲ ದಿನವೇ ಬರೆಯಬೇಕು. ನಮ್ಮನ್ನು ಕೇಳಿದರೆ ಆ ಹಣವನ್ನು ಬೇರೆ ಕಡೆ ಹಾಕಿ. ಒಂಬತ್ತು ಪುಸ್ತಕ, ಒಂದೊಂದರ ಐದು ಪ್ರತಿ, ಒಟ್ಟು 45, ತರಗತಿಯೊಳಗಿನ ತೆರೆದ ಕಪಾಟಿನಲ್ಲಿ ಬೀಗವಿಲ್ಲದೆ ಇರಲಿ. ಕಳೆದುಹೋಗುತ್ತವೆ. ಕಳೆದದ್ದನ್ನು ವರ್ಷ ವರ್ಷ ತುಂಬಲು ನಿಧಿ ಇರಲಿ. ಅಥವಾ ಅವರ ಜಾಗಕ್ಕೆ ಬಂದ ಹೊಸ ಟೀಚರಿಗೆ ಮೇಲೆ ಹೇಳಿದ ಹದಿಮೂರೂವರೆ ಗಂಟೆಯ ಒಂದು ಪಾಲನ್ನು ವೇಳಾಪಟ್ಟಿಯಲ್ಲೇ ಬಿಟ್ಟುಕೊಡಿ. ಅದಕ್ಕೆ ಹೆಸರಿಡುವುದು ಕಷ್ಟ, ಫಲಕ ಹಾಕುವುದು ಇನ್ನೂ ಕಷ್ಟ, ಆದರೂ ಮಕ್ಕಳಿಗೆ ಮುಟ್ಟುವುದು ಅದೇ. ಫಲಕ ಬೇಕೇ ಬೇಕು ಎಂದಾದರೆ ಇಂಗ್ಲಿಷಿನ ಸಾಲನ್ನು ಕೆತ್ತುವ ಮೊದಲು ಇಬ್ಬರು ಬೇರೆ ಬೇರೆಯಾಗಿ ಅಕ್ಷರ ಅಕ್ಷರ ಬಿಡಿಸಿ ಓದಲಿ. ಇಂಗ್ಲಿಷ್ ಟೀಚರ ಫಲಕದಲ್ಲಿ ಅಪಾಸ್ಟ್ರಫಿ ತಪ್ಪಿದರೆ ಅವರ ಹಳೆಯ ವಿದ್ಯಾರ್ಥಿಗಳು ಜನ್ಮದಲ್ಲಿ ಕ್ಷಮಿಸುವುದಿಲ್ಲ.

ಇನ್ನೊಂದು ಬಾಕಿ. ಬೀರುವಿನಲ್ಲೋ ಮೇಜಿನ ಮೇಲೋ ಅರ್ಧ ತಿದ್ದಿದ ಪುಸ್ತಕಗಳ ಕಟ್ಟು ಇದ್ದೇ ಇರುತ್ತದೆ. ಉಳಿದರ್ಧವನ್ನು ಬೇರೆ ಟೀಚರಿಗೆ ಕೊಟ್ಟು ತಿದ್ದಿಸಿಬಿಡೋಣ ಎಂದು ಯಾರಾದರೂ ಹೇಳುತ್ತಾರೆ. ಬೇಡ. ಕಟ್ಟನ್ನು ಇದ್ದ ಕ್ರಮದಲ್ಲೇ ಇಟ್ಟು ಪ್ರತಿ ಮಾಡಿಕೊಳ್ಳಿ. ತಿದ್ದಿದ ಕೊನೆಯ ಪುಸ್ತಕ ಯಾವುದು ಎಂದು ಹಾಳೆಯಲ್ಲಿ ಗುರುತು ಹಾಕಿ. ಆಮೇಲೆ ಮಕ್ಕಳಿಗೆ ಅವರವರ ಪುಸ್ತಕ ಹಾಗೆಯೇ ಹಿಂತಿರುಗಿಸಿ, ಕೆಂಪು ಇದ್ದವರಿಗೆ ಕೆಂಪಿನ ಜೊತೆ, ಇಲ್ಲದವರಿಗೆ ಇಲ್ಲದೆ. ಆ ಪ್ರಬಂಧದ ಅಂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಅದೇ ದಿನ ತರಗತಿಯಲ್ಲಿ ಹೇಳಿಬಿಡಿ.

ಇಂತಿ,
ಇಂಗ್ಲಿಷ್ ಪಾಠ ಮಾಡುವ, ಸ್ಮರಣ ಸಂಚಿಕೆ ತಿದ್ದುವ, ಹಳೆಯ ಕಾಗದ ಕಾಪಿಡುವ ಕೆಲವರು